ಬಿಟ್ಟು ಓದಬೇಡ, ಮಗು

ನನ್ನ ತಂದೆಯವರು ಮೈಸೂರಿನಲ್ಲಿ ತೀರಿಕೊಂಡದ್ದು 2020ರ ಏಪ್ರಿಲ್ ತಿಂಗಳಲ್ಲಿ. ನಾನಾಗ ಅಮೆರಿಕದ ಮಿನೆಸೋಟ ಸಂಸ್ಥಾನದ ಸೇಂಟ್ ಪಾಲ್ ನಗರದಲ್ಲಿದ್ದೆ. ಮಾರಿಬೇನೆಯ ಕಾರಣ ವಿಮಾನಗಳು ನಿಂತಿದ್ದವು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ತಮ್ಮನೊಬ್ಬನೇ ಹೋದ. ಅದನ್ನು ನಾನು ಅಂಗೈಯಗಲದ ಫೋನಿನಲ್ಲಿ ನೋಡಿದೆ. ಅಂದಿನಿಂದ ದೇವರ ಮುಂದೆ ದೀಪ ಹಚ್ಚುವುದನ್ನು ನಿಲ್ಲಿಸಿಬಿಟ್ಟೆ.

ನಾಲ್ಕನೆಯ ದಿನ ನೆರೆಮನೆಯ ಕರೆನ್ ಹೆಂಗಸು ಗಂಜಿಯ ಪಾತ್ರೆಯನ್ನು ಬಾಗಿಲಲ್ಲಿಟ್ಟು, ಆರಡಿ ದೂರದಲ್ಲಿ ಮೆಟ್ಟಿಲ ಮೇಲೆ ಕುಳಿತಳು. ತಮ್ಮನು ಫೋನಿನಲ್ಲಿ ಕರೆಯುವುದನ್ನು ಕೇಳಿ ಕೇಳಿ ಆಕೆಯೂ ನನ್ನನ್ನು 'ಅಕ್ಕ' ಎಂದೇ ಕರೆಯುತ್ತಾಳೆ.

"ನನ್ನ ತಂದೆಯ ಗೋರಿ ಎಲ್ಲಿದೆಯೋ ನನಗೆ ತಿಳಿಯದು, ಅಕ್ಕ" ಎಂದಳು.

ಕರೆನ್ನರು ಬರ್ಮಾದ ಪೂರ್ವದಂಚಿನ ಜನ. 1949ರಿಂದ ಅಲ್ಲಿನ ಸರ್ಕಾರಕ್ಕೂ ಅವರ ಪಡೆಗೂ ಕಾಳಗ. ಅವರಲ್ಲಿ ಬೌದ್ಧರೇ ಹೆಚ್ಚು. ಆದರೂ 1828ರಲ್ಲಿ ಕೋ ತಾ ಬ್ಯು ಎಂಬಾತ ದೀಕ್ಷಾಸ್ನಾನ ಪಡೆದಂದಿನಿಂದ ಕ್ರೈಸ್ತರ ಸಂಖ್ಯೆಯೂ ಬೆಳೆಯಿತು. ಈತ ಮೊದಲು ದರೋಡೆಕೋರನಾಗಿದ್ದನಂತೆ; ನಮಗೆ ವಾಲ್ಮೀಕಿಯ ಕಥೆ ನೆನಪಾಗದಿರದು. ದೇವರು ಕೊಟ್ಟ ಗ್ರಂಥವೊಂದನ್ನು ತಮ್ಮ ಹಿರಿಯರು ಅಜಾಗ್ರತೆಯಿಂದ ಕಳೆದುಕೊಂಡರೆಂದೂ, ಬಿಳಿಯ ತಮ್ಮನೊಬ್ಬನು ಅದನ್ನು ಮರಳಿ ತರುವನೆಂದೂ ಅವರಲ್ಲಿ ಹಳೆಯ ನಂಬಿಕೆಯಿತ್ತು. ಬೈಬಲ್ ಪೂರ್ತಿಯಾಗಿ ಅವರ ನುಡಿಗೆ ಬಂದುದು 1853ರಲ್ಲಿ.

1997ರ ದಾಳಿಯಲ್ಲಿ, ಹೊರೆ ಹೊರಲೆಂದು ಸೈನಿಕರು ಎಳೆದೊಯ್ದ ತಂದೆ ಮರಳಲಿಲ್ಲ. ನಾಲ್ಕು ವರ್ಷದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಆ ಗ್ರಂಥವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ತಾಯಿ ಮೋಯಿ ನದಿಯನ್ನು ದಾಟಿ ಥಾಯ್ಲೆಂಡಿನ ಮೇ ಲಾ ಶಿಬಿರವನ್ನು ಸೇರಿದಳು. ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿ ಒತ್ತೊತ್ತಾಗಿ ಬಿದಿರ ಗುಡಿಸಲುಗಳು, ಎಲೆಯ ಮಾಡು. ಅಳೆದು ಕೊಡುತ್ತಿದ್ದ ಅಕ್ಕಿ, ಬೇಳೆ, ಎಣ್ಣೆ. ಬೇಲಿ ದಾಟಿ ದುಡಿಯಲು ಆಗ ಅಪ್ಪಣೆಯಿರಲಿಲ್ಲ. ಊರೆಂದರೇನೆಂದು ಆಕೆ ಕೇಳಿ ತಿಳಿದಳೇ ಹೊರತು ಕಂಡು ತಿಳಿಯಲಿಲ್ಲ.

ಹದಿನಾಲ್ಕರ ವಯಸ್ಸಿಗೆ ಆಕೆಗೆ ಪ್ರಾರ್ಥನೆಯೆಂದರೆ ರೇಗುತ್ತಿತ್ತು. ತಾಯಿ ಗದರಲಿಲ್ಲ, ನೆಲಬಾಂಬು ಸಿಡಿದು ಕಣ್ಣು ಕೈಗಳನ್ನು ಕಳೆದುಕೊಂಡವರ ಬಿಡಾರಕ್ಕೆ ಕಳುಹಿಸಿ, ಅವರಿಗೆ ಬೈಬಲ್ ಓದಿ ಹೇಳೆಂದಳು. ಒಂದು ದಿನ 137ನೆಯ ಕೀರ್ತನೆ ಬಂತು. ಸೆರೆಯಾಳುಗಳಾಗಿ ಬಾಬಿಲೋನಿಗೆ ಹೋದವರು ನದಿಯ ದಡದಲ್ಲಿ ಕುಳಿತು ಅಳುವ ಹಾಡು ಅದು. ಕೊನೆಯಲ್ಲಿ ಶತ್ರುವಿನ ಹಸುಗೂಸುಗಳಿಗೂ ಕೇಡು ಬಯಸುವ ಘೋರವಾದ ಮಾತಿದೆ. ಉಪದೇಶಿಗಳು ಅದನ್ನು ಹಾರಿಸುತ್ತಿದ್ದರು, ಈಕೆಯೂ ಹಾರಿಸಿದಳು.

"ಬಿಟ್ಟು ಓದಬೇಡ, ಮಗು" ಎಂದನಂತೆ ಒಬ್ಬ ಮುದುಕ. ಆತನಿಗೆ ಎರಡು ಕಣ್ಣೂ ಇಲ್ಲ, ಎರಡು ಕೈಯೂ ಇಲ್ಲ. "ಆ ಸಿಟ್ಟನ್ನೂ ದೇವರು ತನ್ನ ಪುಸ್ತಕದಿಂದ ಹೊಡೆದುಹಾಕಲಿಲ್ಲ. ನನ್ನ ಸಿಟ್ಟನ್ನು ನಾನು ದಿನವೂ ಅವನ ಮುಂದೆ ಇಡುತ್ತೇನೆ. ಅಲ್ಲಿಟ್ಟ ಮೇಲೆ ಅದನ್ನು ಬೇರೆಲ್ಲಿಗೂ ಒಯ್ಯಬೇಕಾಗಿಲ್ಲ."

ಆಕೆ ಪೂರ್ತಿ ಓದಿದಳು. ಓದುತ್ತ ಅತ್ತಳು. ಆಮೇಲೆ ಆ ಬಿಡಾರದ ಗಂಡಸರೆಲ್ಲ ಸೇರಿ ಹಾಡಿದರಂತೆ. ತಾನು ಮೊದಲ ಬಾರಿಗೆ ನಿಜವಾಗಿ ಪ್ರಾರ್ಥಿಸಿದ್ದು ಆ ರಾತ್ರಿಯೇ, ಅದರಲ್ಲಿ ಮುಕ್ಕಾಲು ಪಾಲು ಜಗಳವೇ ಆಗಿತ್ತು ಎಂದು ನಕ್ಕಳು. ಎರಡು ವರ್ಷದ ಮೇಲೆ ಅಮೆರಿಕಕ್ಕೆ ಬರುವಾಗಲೂ ತಂದೆಯ ಸುದ್ದಿಯಿರಲಿಲ್ಲ, ಇಂದಿಗೂ ಇಲ್ಲ. "ಆದರೆ ಕೇಳುವವನೊಬ್ಬನಿದ್ದಾನೆಂದು ತಿಳಿದ ಮೇಲೆ ನಾಳೆಯ ಹೆದರಿಕೆ ಹೋಯಿತು, ಅಕ್ಕ."

ನಿನ್ನ ದೇವರನ್ನು ಬಿಟ್ಟು ಬಾ ಎಂದು ಆಕೆ ನನ್ನನ್ನು ಕರೆಯಲಿಲ್ಲ; ನಾನು ಹೋಗಲೂ ಇಲ್ಲ. ಆ ಸಂಜೆ ದೀಪ ಹಚ್ಚಿ, ಚಾಮುಂಡಿಯ ಪಟದೆದುರು ಕುಳಿತು, ಬಾಯಿಗೆ ಬಂದಂತೆ ಅವಳನ್ನು ಬೈದೆ. ಹತ್ತು ದಿನದಲ್ಲಿ ಮೊದಲ ಬಾರಿಗೆ ನಿದ್ರೆ ಬಂತು.

ಕರೆನ್ ಕ್ರೈಸ್ತರಿಗೆ ಕ್ರಿಸ್ಮಸ್ ಡಿಸೆಂಬರ್ ಒಂದರಿಂದಲೇ ಆರಂಭ. 'ಸವಿ ಡಿಸೆಂಬರ್' ಎನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಸೈನ್ಯ ಮತ್ತೆ ಅಧಿಕಾರ ಕಸಿದುಕೊಂಡು, ಆ ಬೆಟ್ಟಗಳ ಮೇಲೆ ಬಾಂಬು ಬಿದ್ದ ವರ್ಷವೂ ಆಕೆ ಮಕ್ಕಳ ಗುಂಪು ಕಟ್ಟಿಕೊಂಡು, ಹಿಮದಲ್ಲಿ ಹಾಡುತ್ತ ನಮ್ಮ ಬಾಗಿಲಿಗೆ ಬಂದಳು. ಅಂದಿನಿಂದ ನವೆಂಬರ್ ಮುಗಿಯುವ ಹೊತ್ತಿಗೆ ಒಂದು ಡಬ್ಬಿ ಕೋಡುಬಳೆ ಕರಿದಿಡುತ್ತೇನೆ. ಖಾರ ಸಾಲದೆಂದು ಆಕೆಯ ಹಿರಿಯ ಮಗನ ದೂರು.