ಎಡಗಣ್ಣಿನ ನೀರು

ಮಗಳಿಗೆ ಇಪ್ಪತ್ತು ದಿನ ಆದಾಗಿಂದ ಎಡಗಣ್ಣಲ್ಲಿ ನೀರೋ ನೀರು. ಅತ್ತರೂ ನೀರು, ಸುಮ್ಮನಿದ್ದರೂ ನೀರು. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರೋದು. "ಎದೆಹಾಲು ಎರಡು ಹನಿ ಬಿಡು, ಕಾಡಿಗೆ ಹಚ್ಚು" ಅಂತ ಅಮ್ಮ. ಆಗಲ್ಲ ಅಂತ ನಾನು. ಎರಡು ದಿನ ಮಾತಿಲ್ಲ!

ಕಣ್ಣೀರು ಮೂಗಿಗೆ ಇಳಿಯೋ ನಾಳದ ಕೆಳತುದಿಯಲ್ಲಿ ತೆಳು ಪೊರೆಯೊಂದು ಇನ್ನೂ ತೆರೆದಿಲ್ಲ ಅಂದರು ಡಾಕ್ಟರು. (ಅತ್ತಾಗ ಮೂಗು ಸೋರೋದು ಇದೇ ದಾರೀಲಿ ಅಂತ ನನಗೆ ಗೊತ್ತಾಗಿದ್ದೇ ಅವತ್ತು.) 100ರಲ್ಲಿ ಸುಮಾರು 90 ಮಕ್ಕಳಿಗೆ ವರ್ಷದೊಳಗೆ ತಾನಾಗೇ ಸರಿಹೋಗುತ್ತಂತೆ. ಸದ್ಯಕ್ಕೆ ಔಷಧಿ ಬೇಡ, ಮಸಾಜ್ ಸಾಕು. ಉಗುರು ಕತ್ತರಿಸಿ, ಕೈ ತೊಳೆದು, ಕಣ್ಣಿನ ಒಳಮೂಲೆಯಲ್ಲಿ ಬೆರಳಿಟ್ಟು, ಒತ್ತಿಕೊಂಡೇ ಮೂಗಿನ ಪಕ್ಕ ಕೆಳಗೆ ಎಳೆಯಬೇಕು. ಸಲಕ್ಕೆ ಹತ್ತು, ದಿನಕ್ಕೆ ನಾಲ್ಕು ಸಲ. ಕ್ರಿಗ್ಲರ್ ಅನ್ನೋರು 1923ರಲ್ಲಿ ಬರೆದಿಟ್ಟ ವಿಧಾನ. ಆ ಜಾಗ ಕೆಂಪಾಗಿ ಊದಿದರೆ, ಬೆಳಕು ಕಂಡರೆ ಮಗು ಕಣ್ಣು ಮುಚ್ಚಿಕೊಂಡರೆ ಮಾತ್ರ ಕಾಯಬೇಡಿ, ತಕ್ಷಣ ಬನ್ನಿ ಅಂದರು.

ನನಗೋ ಕೈ ನಡುಕ. ಸುಮ್ಮನೆ ಸವರಿದರೆ ಉಪಯೋಗವಿಲ್ಲ, ಒತ್ತಿದರೆ ಕಿರುಚುತ್ತಾಳೆ. ಒಂಬತ್ತು ತಿಂಗಳಾದರೂ ನೀರು ನಿಲ್ಲಲಿಲ್ಲ. ವರ್ಷ ಕಳೆದರೂ ಹೀಗೇ ಇದ್ದರೆ ಅರಿವಳಿಕೆ ಕೊಟ್ಟು, ಸಣ್ಣ ತಂತಿ ತೂರಿಸಿ ಬಿಡಿಸಬೇಕು ಅಂದಿದ್ದರಲ್ಲ, ರಾತ್ರಿಯೆಲ್ಲ ಅದೇ ಯೋಚನೆ.

ಕೊನೆಗೆ ಅಮ್ಮನೇ ಮಗೂನ ಕಾಲ ಮೇಲೆ ಮಲಗಿಸಿಕೊಂಡರು. ಎಣ್ಣೆ ನೀರು ಹಾಕಿ ಪಳಗಿದ ಕೈ, ಅಳುಕೇ ಇಲ್ಲ. 11ನೇ ತಿಂಗಳಲ್ಲಿ ಒಂದು ಬೆಳಿಗ್ಗೆ ರೆಪ್ಪೆ ಅಂಟಿರಲಿಲ್ಲ. ಅಮ್ಮನ ಬೆರಳಿಂದಲೋ, ತಾನಾಗೇ ತೆರೆಯಿತೋ... ಅಮ್ಮನ್ನ ಮಾತ್ರ ಕೇಳಬೇಡಿ, ಕಾಡಿಗೆ ವಿಷಯ ಮತ್ತೆ ಶುರುವಾಗುತ್ತೆ :)