ತಡೆಯಬಲ್ಲ ಗೆಳೆಯ

ಮಾವಿನಕುರ್ವೆಯ ಸುತ್ತಣ ಕರಾವಳಿಯಲ್ಲಿ ಚಿತ್ರಕಥೆಯ ಪುಸ್ತಕಗಳು ಬರುವುದಕ್ಕೆ ಬಹುಕಾಲ ಮೊದಲೇ ಅತಿಮಾನುಷ ವೀರರು ಯಕ್ಷಗಾನದ ರಂಗಸ್ಥಳದಲ್ಲಿ ಕುಣಿಯುತ್ತಿದ್ದರು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳವು ಇಂದಿಗೂ ಹೆಸರುವಾಸಿ. ಅವರ ಪುತ್ರ ಶಂಭು ಹೆಗಡೆಯವರ ಕರ್ಣನನ್ನು ಕಂಡವರು ಆತನ ಬಿಲ್ಲುಗಾರಿಕೆಗಿಂತ ಆತನ ಸ್ನೇಹನಿಷ್ಠೆಗೇ ಕಣ್ಣೀರು ಮಿಡಿದರು.

ಈ ನಿಷ್ಠೆಯ ಮೂಲವನ್ನು ಆದಿಪುರಾಣದ ಕವಿಯಾದ ಪಂಪನೇ ಸುಮಾರು 941ರಲ್ಲಿ ರಚಿಸಿದ ತನ್ನ ಭಾರತದಲ್ಲಿ ಮನಮುಟ್ಟುವಂತೆ ತೋರಿಸಿದ್ದಾನೆ. ಪಾಂಡವರ ಅಗ್ರಜನಾಗಿ ರಾಜ್ಯವಾಳೆಂದು ಕೃಷ್ಣನು ಕರೆದಾಗ ಕರ್ಣನಿಗೆ ನೆನಪಾಗುವುದು ಪಗಡೆಯಾಟದಲ್ಲಿ ಚೆಲ್ಲಿದ ಮುತ್ತುಗಳು. ಭಾನುಮತಿಯ ಹಾರ ಹರಿದುದನ್ನು ಕಂಡೂ ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದವನು ದುರ್ಯೋಧನ. ಅಂಥ ನಂಬಿಕೆಯ ಮುಂದೆ ಸಿಂಹಾಸನವೂ ಹಗುರವಾಯಿತು.

ಆದರೆ ಧರ್ಮವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಗೆಳೆಯನಿಗಾಗಿ ಪ್ರಾಣ ಕೊಡಲು ಸಿದ್ಧನಾದ ಕರ್ಣನು ದ್ಯೂತಸಭೆಯಲ್ಲಿ ಅದೇ ಗೆಳೆಯನ ಕೈಯನ್ನು ಹಿಡಿದು ನಿಲ್ಲಿಸಲಿಲ್ಲ; ಬದಲಾಗಿ ಅವನ ಅವಿವೇಕಕ್ಕೆ ದನಿಗೂಡಿಸಿದನು. ಋಣ ತೀರಿತು, ಗೆಳೆಯ ಉಳಿಯಲಿಲ್ಲ.

ಅಮೆರಿಕದ ಕಾಮಿಕ್ಸ್ ಲೋಕವು ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಟ್ಟಿದೆ. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಬೆಟ್ಟವನ್ನು ಅಲುಗಿಸಬಲ್ಲವನು. ಮರುವರ್ಷ ಬಂದ ಬ್ಯಾಟ್‌ಮ್ಯಾನ್ ಬರಿಯ ಮನುಷ್ಯ. ಕ್ರಿಪ್ಟೊನೈಟ್ ಎಂಬ ಕಲ್ಲು ಸೂಪರ್‌ಮ್ಯಾನನ ಬಲವನ್ನು ಕುಗ್ಗಿಸುವಂಥದು. 1990ರ ಕಥೆಯೊಂದರಲ್ಲಿ ಆತನು ಆ ಕಲ್ಲಿನ ಉಂಗುರವನ್ನು ಬ್ಯಾಟ್‌ಮ್ಯಾನನ ವಶಕ್ಕೆ ತಾನಾಗಿಯೇ ಒಪ್ಪಿಸುತ್ತಾನೆ. ತಾನು ಎಂದಾದರೂ ಹತೋಟಿ ತಪ್ಪಿದರೆ ತಡೆಯುವ ಹೊಣೆಯೂ ಆ ಉಂಗುರದೊಡನೆ ಹೋಗುತ್ತದೆ. ತನ್ನ ಮರಣದ ಕೀಲಿಯನ್ನು ಇನ್ನೊಬ್ಬನ ಕೈಗಿಡುವುದಕ್ಕಿಂತ ದೊಡ್ಡ ವಿಶ್ವಾಸ ಯಾವುದು? ಓದುವ ಎಳೆಯರ ಹೃದಯ ಕರಗುವುದು ಇಂಥಲ್ಲಿಯೇ, ಹೊಡೆದಾಟದ ಪುಟಗಳಲ್ಲಲ್ಲ.

ದುರ್ಯೋಧನನು ಸಂಶಯವಿಲ್ಲದೆ ಮುತ್ತುಗಳನ್ನು ಆಯಲು ಮುಂದಾದನು. ತನ್ನನ್ನು ತಡೆಯುವ ಅಧಿಕಾರವನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕರ್ಣನೂ ಅದನ್ನು ಕೇಳಲಿಲ್ಲ. ಸ್ನೇಹವು ಮೊದಲು ನಂಬಿಕೆಯನ್ನು ಬೇಡುತ್ತದೆ, ನಿಜ. ಆದರೆ ತಪ್ಪಿದ ಹೆಜ್ಜೆಯನ್ನು ತಿದ್ದಲು ಅಂಜುವ ಸ್ನೇಹ ಅರ್ಧದಲ್ಲೇ ನಿಂತ ಸ್ನೇಹ. ಮಕ್ಕಳ ಕೈಯಲ್ಲಿ ಚಿತ್ರಕಥೆಯನ್ನು ಕಂಡು ಹುಬ್ಬು ಗಂಟಿಕ್ಕುವ ಹಿರಿಯರು ಒಮ್ಮೆ ಪಕ್ಕದಲ್ಲಿ ಕುಳಿತು, ಈ ವೀರನನ್ನು ತಡೆಯಬಲ್ಲ ಗೆಳೆಯ ಯಾರೆಂದು ಕೇಳಲಿ. ಅದೇ ಪ್ರಶ್ನೆಯನ್ನು ತಮ್ಮ ಬಾಳಿಗೂ ಕೇಳಿಕೊಳ್ಳಲಿ.