ಕೈಗೆಟುಕುವ ಬಿಲ್ಲು

1482ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಿಲ್ಲಿನ ಬೆಲೆಗೆ ಲಗಾಮು ಹಾಕಿತು. ಯೂ ಮರದ ಉದ್ದ ಬಿಲ್ಲು, ಅಂದರೆ ಲಾಂಗ್‌ಬೋ, ಎಷ್ಟೇ ಸೊಗಸಾಗಿರಲಿ, ಅದಕ್ಕೆ 3 ಷಿಲಿಂಗ್ 4 ಪೆನ್ನಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಾನೂನಾಯಿತು. ಅಂದರೆ ಒಟ್ಟು 40 ಪೆನ್ನಿ. ಆ ಕಾಲಕ್ಕೆ ದಕ್ಷಿಣ ಇಂಗ್ಲೆಂಡಿನ ನುರಿತ ಬಡಗಿಯ ದಿನಗೂಲಿ ಸುಮಾರು ಆರು ಪೆನ್ನಿ, ಕೂಲಿಯಾಳಿನದು ನಾಲ್ಕು. ಬಡಗಿ ಒಂದು ವಾರ, ಕೂಲಿಯವನು ಹತ್ತು ದಿನ ದುಡಿದರೆ ದೇಶದ ಅತ್ಯುತ್ತಮ ಬಿಲ್ಲು ಮನೆಗೆ ಬರುತ್ತಿತ್ತು. ಇಂದು ಲಾಂಗ್‌ಬೋ ಕೊಳ್ಳಲು ಹೊರಟು, ಬೆಲೆ ಕೇಳಿ ಹಿಂದೆ ಸರಿಯುವವರು ಈ ಲೆಕ್ಕವನ್ನು ನೆನಪಿಡಬೇಕು. ಇದು ಮೊದಲಿನಿಂದಲೂ ಸಾಮಾನ್ಯರ ಆಯುಧ.

ತುರ್ಕರ, ಮಂಗೋಲರ ಬಿಲ್ಲಿನ ಕಥೆಯೇ ಬೇರೆ. ಮರದ ತಿರುಳು, ಒಳಬದಿಗೆ ಪ್ರಾಣಿಯ ಕೊಂಬು, ಹೊರಬದಿಗೆ ಸ್ನಾಯುವಿನ ಎಳೆ, ನಡುವೆ ಅಂಟು. ಒಂದೊಂದು ಪದರವೂ ಒಣಗುವವರೆಗೆ ಕಾಯಬೇಕು, ಬಿಲ್ಲೊಂದು ಮುಗಿಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಲಾಂಗ್‌ಬೋಗೆ ಬೇಕಾದದ್ದು ಚೆನ್ನಾಗಿ ಒಣಗಿದ ಒಂದು ಮರದ ಸೀಳು, ಕೆಲವೇ ಉಪಕರಣ, ಪಳಗಿದ ಕೈ.

ಮರದಲ್ಲಿ ಮಾತ್ರ ಹೆಚ್ಚುಕಡಿಮೆ ಇತ್ತು. ಬಾಗಿದ ಬಿಲ್ಲಿನಲ್ಲಿ ಗುರಿಯತ್ತ ಮುಖಮಾಡಿರುವ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನತ್ತ ಇರುವ ಹೊಟ್ಟೆ ಕುಗ್ಗುತ್ತದೆ. ಯೂ ಮರದ ತೊಗಟೆಯ ಕೆಳಗಿನ ಬಿಳಿಯ ಹೊರಮರ ಎಳೆತವನ್ನು ತಾಳುತ್ತದೆ, ಕೆಂಪು ಒಳತಿರುಳು ಒತ್ತಡವನ್ನು. ಎರಡೂ ಗುಣ ಒಂದೇ ಮರದಲ್ಲಿ ಹುಟ್ಟಿನಿಂದಲೇ ಬಂದಿರುವುದರಿಂದ ಅದಕ್ಕೆ ಅಷ್ಟು ಬೇಡಿಕೆ. ಇಂಗ್ಲೆಂಡಿನಲ್ಲಿ ಬೆಳೆದದ್ದು ಸಾಲದೆ, 1472ರ ಶಾಸನ ಹೊರದೇಶದ ವ್ಯಾಪಾರಿಗಳಿಗೆ ಒಂದು ಷರತ್ತು ಹಾಕಿತು: ತರುವ ಸರಕಿನ ಒಂದೊಂದು ಟನ್ನಿಗೂ ನಾಲ್ಕು ಬಿಲ್ಮರದ ಸೀಳು ತರಬೇಕು. ಎಂಟನೇ ಹೆನ್ರಿಯ ಕಾಲದ ಕಾನೂನು ಇನ್ನೊಂದು ದಾರಿ ಹಿಡಿಯಿತು. ಬಿಲ್ಲು ಮಾಡುವವರು ಯೂ ಬಿಲ್ಲುಗಳ ಜೊತೆಗೆ ಎಲ್ಮ್, ಆಶ್‌ನಂಥ ಅಗ್ಗದ ಮರದ ಬಿಲ್ಲುಗಳನ್ನೂ ಮಾಡಲೇಬೇಕೆಂದಿತು.

ರೋಜರ್ ಆಸ್ಕಂಗೆ ಈ ಅಗ್ಗದ ಮರಗಳ ಮೇಲೆ ಗೌರವವಿರಲಿಲ್ಲ. 1545ರಲ್ಲಿ ಬಂದ ಅವನ 'ಟಾಕ್ಸೋಫಿಲಸ್' ಇಂಗ್ಲಿಷಿನಲ್ಲಿ ಬಿಲ್ವಿದ್ಯೆಯ ಬಗ್ಗೆ ಬಂದ ಮೊದಲ ಪುಸ್ತಕ. ಎಲ್ಮ್, ಆಶ್ ಎರಡೂ ಸಾಧಾರಣ, ಪೂರ್ಣವಾದ ಬಿಲ್ಲು ಬೇಕಾದರೆ ಯೂ ಒಂದೇ ಎಂಬುದು ಅವನ ತೀರ್ಪು. ಅದೇ ವರ್ಷದ ಜುಲೈಯಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿದ 'ಮೇರಿ ರೋಸ್' ಹಡಗನ್ನು 1982ರಲ್ಲಿ ಮೇಲೆತ್ತುವ ಮುನ್ನ ನಡೆದ ಉತ್ಖನನದಲ್ಲಿ ಅದರೊಳಗಿನಿಂದ ಬಂದ ಯೂ ಬಿಲ್ಲುಗಳು ಅವನ ಮಾತಿಗೆ ಸಾಕ್ಷಿ ಹೇಳಿದಂತಿದ್ದವು. ನೂರಕ್ಕೂ ಹೆಚ್ಚು ಇಡೀ ಬಿಲ್ಲುಗಳು, ಆರಡಿಗೂ ಮೀರಿದ ಉದ್ದ, ನಾಲ್ಕು ಶತಮಾನ ಕೆಸರಿನಲ್ಲಿದ್ದರೂ ಉಳಿದ ರೂಪ.

ಆದರೂ ಆಸ್ಕಂನ ತೀರ್ಪನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕ, ಸುಮಾರು 9000 ವರ್ಷ ಹಳೆಯ ಬಿಲ್ಲುಗಳು ಎಲ್ಮ್ ಮರದವು. ಅವನ್ನು ಮಾಡಿದವರು ಮರದ ದೌರ್ಬಲ್ಯವನ್ನು ಬಲ್ಲವರು. ಒತ್ತಡಕ್ಕೆ ಬೇಗ ಸೋಲುವ ಮರವನ್ನು ಯೂ ಬಿಲ್ಲಿನಂತೆ ದಪ್ಪಗೆ, ಗುಂಡಗೆ ಕೆತ್ತದೆ ಅಗಲವಾಗಿ, ಚಪ್ಪಟೆಯಾಗಿ ಕೆತ್ತಿದರು. ಹಾಗೆ ಮಾಡಿದರೆ ಒತ್ತಡ ಹೆಚ್ಚು ಅಗಲಕ್ಕೆ ಹಂಚಿಹೋಗಿ ಹೊಟ್ಟೆ ನಲುಗುವುದಿಲ್ಲ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್, ಫಾರೆಸ್ಟ್ ನೇಗ್ಲರ್ ಮುಂತಾದ ವಿಜ್ಞಾನಿ–ಎಂಜಿನಿಯರುಗಳು ಬಿಲ್ಲನ್ನು ಅಳತೆಗೆ, ಲೆಕ್ಕಕ್ಕೆ ಒಡ್ಡಿ ಚಪ್ಪಟೆ ತೋಳಿನ ಪರವಾಗಿಯೇ ಮಾತಾಡಿದರು. ಇಂದು ಕಡಿಮೆ ಬೆಲೆಗೆ ಸಿಗುವ ಚಪ್ಪಟೆ ಲಾಂಗ್‌ಬೋಗಳು ಈ ತಿಳಿವಳಿಕೆಯ ಫಲ. ಮರ ಸಾಧಾರಣವಾಗಿದ್ದರೂ ಅದರ ಸ್ವಭಾವ ಅರಿತು ಕೆತ್ತಿದ ಬಿಲ್ಲು ಒಳ್ಳೆಯ ಬಿಲ್ಲೇ. ಕಡಿಮೆ ಹಣದಲ್ಲಿ ಕೊಳ್ಳುವವರು ಹುಡುಕಬೇಕಾದದ್ದು ಆ ಅರಿವುಳ್ಳ ಕೈಕೆಲಸವನ್ನು.

ಹಿಕರಿ ಅಂಥ ಬಿಲ್ಲುಗಳ ಮೊದಲ ಮರ. ಎಳೆತಕ್ಕೆ ಅದರಷ್ಟು ಗಟ್ಟಿಯಾದದ್ದು ಅಪರೂಪ, ಹೊಸಬರ ಒರಟುತನವನ್ನೂ ಸಹಿಸುತ್ತದೆ. ಆದರೆ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಹೀರಿದರೆ ಮಂದವಾಗುತ್ತದೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಮಳೆಗಾಲ ಕಳೆಯಬೇಕಾದ ಹಿಕರಿ ಬಿಲ್ಲು, ಬೇಸಿಗೆಯ ಕಲಬುರಗಿಯಲ್ಲಿ ಬಾಣ ಎಸೆದಷ್ಟು ಚುರುಕಾಗಿ ಎಸೆಯದು. ಬೆನ್ನಿಗೆ ಬಿದಿರಿನ ಪಟ್ಟಿ ಅಂಟಿಸಿದ ಬಿಲ್ಲುಗಳೂ ಚೆನ್ನ. ಬಿದಿರಿನ ಹೊರಮೈಯಲ್ಲಿ ನಾರು ಒತ್ತಾಗಿ ಸೇರಿರುವುದರಿಂದ ಎಳೆತಕ್ಕೆ ಅದು ಹೇಳಿ ಮಾಡಿಸಿದ್ದು. ಮರದ ಎರಡು ಬದಿಗೂ ಫೈಬರ್‌ಗ್ಲಾಸ್ ಹೊದಿಸಿದ ಲಾಂಗ್‌ಬೋ ಹವಾಮಾನಕ್ಕೆ ಅಷ್ಟಾಗಿ ಜಗ್ಗದು. ಕರಾವಳಿಯಲ್ಲಿ ಇರುವವರು ಅದನ್ನೇ ತೆಗೆದುಕೊಂಡರೆ ನೆಮ್ಮದಿ. ಅಪ್ಪಟ ಮರದ ಬಿಲ್ಲೇ ಬೇಕೆಂಬ ಹಟವಿದ್ದರೆ ಅದೂ ಒಳ್ಳೆಯ ಹಟವೇ, ಸ್ವಲ್ಪ ಹೆಚ್ಚು ಆರೈಕೆ ಕೇಳುತ್ತದೆ ಅಷ್ಟೆ. ಎರಡರಲ್ಲಿ ಯಾವುದೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಬರುವಂಥದ್ದಲ್ಲ.

ಇನ್ನು ಬಿಲ್ಲನ್ನು ಕೈಗೆತ್ತಿಕೊಂಡು ನೋಡುವ ಕೆಲಸ. ಇದರಷ್ಟು ಖುಷಿಯ ಭಾಗ ಬೇರೊಂದಿಲ್ಲ. ಮೊದಲು ಹೆದೆ ಇಳಿಸಿದ ಬಿಲ್ಲನ್ನು ಬೆಳಕಿಗೆ ಹಿಡಿದು ಬೆನ್ನಿನ ಮೇಲೆ ಕಣ್ಣು ಹಾಯಿಸಬೇಕು. ಮರದ ಎಳೆಗಳು ಹಿಡಿಯಿಂದ ತುದಿಯವರೆಗೆ ಕಡಿಯದೆ ಓಡಿರಬೇಕು. ಎಳೆ ಅಂಚಿಗೆ ಓರೆಯಾಗಿ ಹರಿದು ಹೊರಬಿದ್ದಿದ್ದರೆ ಸಿಬಿರೇಳುವುದು ಅಲ್ಲಿಂದಲೇ. ಆಮೇಲೆ ಹೊಟ್ಟೆಯ ಬದಿಗೆ ಹೊರಳಿಸಿ ಉಗುರಿನಿಂದ ಮೆಲ್ಲಗೆ ಸವರಬೇಕು. ಅಡ್ಡಡ್ಡಲಾಗಿ ಕೂದಲೆಳೆಯಷ್ಟು ತೆಳ್ಳನೆಯ ಗೆರೆ ಉಗುರಿಗೆ ತಡೆದರೆ ಅಲ್ಲಿ ಮರ ಒಳಗೇ ನಲುಗಿದೆ ಎಂದು ಅರ್ಥ. ಬಳಸಿದ ಬಿಲ್ಲನ್ನು ಅಗ್ಗಕ್ಕೆ ಕೊಳ್ಳುವವರು ಈ ಗೆರೆಗಳನ್ನೇ ಮುಖ್ಯವಾಗಿ ಹುಡುಕಬೇಕು, ಎಣ್ಣೆಯ ಮೆರುಗು ಅವನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಹೆದೆ ಇಳಿಸಿದಾಗಲೂ ಮರದ ಬಿಲ್ಲು ಒಂದೆರಡು ಇಂಚು ಬಾಗಿಯೇ ಉಳಿದಿದ್ದರೆ ಅದಕ್ಕಾಗಿ ತಳ್ಳಿಹಾಕಬೇಕಿಲ್ಲ. ಎಳೆದು ಎಳೆದು ಪಳಗಿದ ಮರದ ಸಹಜ ರೂಪ ಅದು.

ನಂತರ ಹೆದೆ ಏರಿಸಿ, ಬಿಲ್ಲನ್ನು ಮುಖದ ನೇರಕ್ಕೆ ತಂದು ಒಂದು ಕಣ್ಣು ಮುಚ್ಚಿ ನೋಡಬೇಕು. ಹೆದೆ ಮೇಲಿನ ತೋಳನ್ನೂ ಕೆಳಗಿನ ತೋಳನ್ನೂ ನಟ್ಟನಡುವೆ ಸೀಳಿದಂತೆ ಕಾಣಿಸಿದರೆ ಬಿಲ್ಲು ತಿರುಚಿಲ್ಲ. ಬದಿಯಿಂದ ನೋಡಿದಾಗ ಎರಡೂ ತೋಳು ನಯವಾಗಿ ಬಾಗಿರಬೇಕು. ಎಲ್ಲೋ ಒಂದೆಡೆ ಮಾತ್ರ ಮಡಚಿಕೊಂಡು ಉಳಿದದ್ದು ಬಿಗಿಯಾಗಿ ನಿಂತಿದ್ದರೆ, ಭಾರವೆಲ್ಲ ಆ ಒಂದು ಜಾಗದ ಮೇಲೆ ಬೀಳುತ್ತಿದೆ. ಮೇಲಿನ ತೋಳು ತುಸು ಹೆಚ್ಚು ಬಾಗುವುದು ದೋಷವಲ್ಲ, ಬಹಳಷ್ಟು ಕುಶಲಿಗಳು ಉದ್ದೇಶಪೂರ್ವಕವಾಗಿಯೇ ಹಾಗೆ ಕೆತ್ತುತ್ತಾರೆ. ತೋಳನ್ನು ಸ್ವಲ್ಪ ಸ್ವಲ್ಪವೇ ಹೆರೆದು, ಬಗ್ಗಿಸಿ ನೋಡಿ, ಮತ್ತೆ ಹೆರೆಯುವ ಈ ಕೆಲಸಕ್ಕೆ ಟಿಲ್ಲರಿಂಗ್ ಎನ್ನುತ್ತಾರೆ. ಬಿಲ್ಲಿಗೆ ಕೊಡುವ ಹಣದಲ್ಲಿ ನಿಜವಾಗಿ ಬೆಲೆಬಾಳುವುದು ಇದೇ. ಹಿಡಿಗೆ ಸುತ್ತಿದ ಚರ್ಮ, ತುದಿಯ ಕೊಂಬಿನ ಕೆತ್ತನೆ ಕಣ್ಣಿಗೆ ಹಬ್ಬವಾದರೂ ಬಾಣದ ಹಾರಾಟಕ್ಕೆ ಅವುಗಳ ಕೊಡುಗೆ ಕಡಿಮೆ.

ಹೆಚ್ಚಿನವರು ಎಡವುವುದು ಎಳೆತದ ಭಾರದ ಆಯ್ಕೆಯಲ್ಲಿ. ಮೇರಿ ರೋಸ್‌ನ ಬಿಲ್ಲುಗಳ ಎಳೆತದ ಭಾರ 100 ಪೌಂಡಿನಿಂದ 180 ಪೌಂಡಿನ ಆಚೆಗೂ ಇತ್ತೆಂಬ ಅಂದಾಜು ಓದಿದವರಿಗೆ 30 ಪೌಂಡಿನ ಬಿಲ್ಲು ಆಟಿಕೆಯಂತೆ ಕಾಣಬಹುದು. ಅದು ಆಟಿಕೆ ಅಲ್ಲವೇ ಅಲ್ಲ. ಹಡಗಿನಲ್ಲಿ ಸತ್ತವರ ಅಸ್ಥಿಗಳಲ್ಲಿ ಹೆಗಲ ಮೂಳೆಯ ತುದಿ ಕೂಡಿಕೊಳ್ಳದೆ ಉಳಿದದ್ದು ಅಸಹಜ ಪ್ರಮಾಣದಲ್ಲಿ ಕಂಡಿತು. ಎಳವೆಯಿಂದಲೇ ಭಾರದ ಬಿಲ್ಲು ಎಳೆದದ್ದು ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಬಿಷಪ್ ಹ್ಯೂ ಲ್ಯಾಟಿಮರ್ 1549ರಲ್ಲಿ ದೊರೆಯ ಮುಂದೆ ಮಾಡಿದ ಪ್ರವಚನದಲ್ಲಿ ತನ್ನ ತಂದೆಯನ್ನು ನೆನೆದ. ಮಗನ ವಯಸ್ಸಿಗೂ ಕಸುವಿಗೂ ತಕ್ಕ ಬಿಲ್ಲನ್ನೇ ಆ ತಂದೆ ತರುತ್ತಿದ್ದ, ಮಗ ಬೆಳೆದಂತೆ ಬಿಲ್ಲೂ ದೊಡ್ಡದಾಯಿತು. ಬರೀ ತೋಳಿನ ಬಲದಿಂದ ಎಳೆಯದೆ ಇಡೀ ಮೈಯನ್ನು ಬಿಲ್ಲಿಗೆ ಒಡ್ಡುವುದನ್ನು ಕಲಿಸಿದವನೂ ಅವನೇ. ಆ ಹಳ್ಳಿಯ ರೈತನ ಬುದ್ಧಿ ಇಂದಿಗೂ ಸಾಕು. ಹೊಸಬರಿಗೆ 25ರಿಂದ 35 ಪೌಂಡ್ ಸರಿ, ಹದಿಹರೆಯದವರಿಗೆ ಇನ್ನೂ ಕಡಿಮೆ.

ಬಿಲ್ಲಿನ ಮೇಲೆ ಬರೆದ ಭಾರ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ಒಂದು ಇಂಚು ಕಡಿಮೆ ಎಳೆದರೆ ಎರಡು ಮೂರು ಪೌಂಡ್ ಇಳಿಯುತ್ತದೆ. 26 ಇಂಚು ಎಳೆಯುವ ಕೈಯಲ್ಲಿ 35ರ ಬಿಲ್ಲು 30ರ ಆಸುಪಾಸಿನದ್ದಾಗುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸರಳ: ಪೂರ್ತಿ ಎಳೆದು, ಕೆಲವು ಕ್ಷಣ ಹಿಡಿದು, ಕೈ ನಡುಗದೆ ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಬಾಣವಿಲ್ಲದೆ ಹೆದೆಯನ್ನು ತಟ್ಟನೆ ಬಿಡುವಂತಿಲ್ಲ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಅದು ಮುರಿಯಬಹುದು.

ಬಿಲ್ಲಿನಲ್ಲಿ ಉಳಿಸಿದ ಹಣ ಬಾಣಕ್ಕೆ ಹೋಗಲಿ. ಸಾಂಪ್ರದಾಯಿಕ ಲಾಂಗ್‌ಬೋಗೆ ಬಾಣ ಕೂರಲು ಕೊರೆದ ಕಿಂಡಿಯಿಲ್ಲ. ಬಾಣ ಮುಷ್ಟಿಯ ಮೇಲೆ ಕೂತು, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗಬೇಕು. ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದಾಗ, ಹೆದೆ ಬಿಟ್ಟ ಬಾಣ ಮೀನಿನಂತೆ ಆಚೀಚೆ ಬಳುಕುತ್ತ ಹಿಡಿಯನ್ನು ದಾಟುವುದು ಕಣ್ಣಾರೆ ಕಂಡಿತು. ಬಾಣದ ಕಡ್ಡಿ ತೀರಾ ಬಿಗಿಯಾಗಿದ್ದರೆ ಒಂದು ಬದಿಗೆ, ತೀರಾ ಮೆತುವಾಗಿದ್ದರೆ ಇನ್ನೊಂದು ಬದಿಗೆ ಹೋಗುತ್ತದೆ. ಬಿಲ್ಲಿನ ಭಾರಕ್ಕೆ ಹೊಂದುವ, ಒಂದೇ ಬಿಗುವಿನ, ಒಂದೇ ತೂಕದ ಅರ್ಧ ಡಜನ್ ಮರದ ಬಾಣಗಳು, ಅವಕ್ಕೆ ಪ್ಲಾಸ್ಟಿಕ್ಕಿನ ಬದಲು ಹಕ್ಕಿಯ ಗರಿ ಇರಲಿ. ಮುಷ್ಟಿಗೆ ಸವರಿಕೊಂಡು ಹೋಗುವಾಗ ಗರಿ ಮಡಚಿ ಮತ್ತೆ ನೆಟ್ಟಗಾಗುತ್ತದೆ, ಬಾಣ ದಾರಿ ತಪ್ಪುವುದಿಲ್ಲ. ಮರದ ಬಿಲ್ಲಿಗೆ ಡೇಕ್ರಾನ್ ಹೆದೆಯೇ ಸರಿ. ಅದು ತುಸು ಹಿಗ್ಗಿ ಬಿಲ್ಲಿನ ತುದಿಗಳನ್ನು ಹೊಡೆತದಿಂದ ಕಾಪಾಡುತ್ತದೆ, ಬೆಲೆಯೂ ಕಡಿಮೆ.

ಭಾರತದಲ್ಲಿ ಅಗ್ಗದ ಉದ್ದ ಬಿಲ್ಲಿಗೆ ದೂರ ಹೋಗಬೇಕಿಲ್ಲ. ಅಲೆಕ್ಸಾಂಡರನ ಜೊತೆ ಬಂದ ನಿಯಾರ್ಕಸ್‌ನ ಮಾತನ್ನು ಆಧರಿಸಿ ಇತಿಹಾಸಕಾರ ಏರಿಯನ್ ಬರೆದ ಪ್ರಕಾರ, ಇಲ್ಲಿನ ಕಾಲಾಳುಗಳ ಬಿಲ್ಲು ಆಳೆತ್ತರ ಇರುತ್ತಿತ್ತು, ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರು. ಒಲಿಂಪಿಕ್ಸ್‌ಗೆ ಒಯ್ಯುವ ಒಂದು ರಿಕರ್ವ್ ಬಿಲ್ಲಿನ ಸೆಟ್ಟು ಲಕ್ಷ ರೂಪಾಯಿ ದಾಟುವ ಈ ದಿನಗಳಲ್ಲೂ ರಾಷ್ಟ್ರಮಟ್ಟದಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗ ಬಿದಿರು, ಮರದ ಬಿಲ್ಲುಗಳಿಗೆ ಜಾಗ ಕೊಟ್ಟಿದೆ. ಗುರಿ 50 ಮತ್ತು 30 ಮೀಟರ್ ದೂರದಲ್ಲಿ. ರಾಜಸ್ಥಾನದ ಬುಡಕಟ್ಟು ಕುಟುಂಬದಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದ ಲಿಂಬಾ ರಾಮ್ 1988, 1992, 1996ರ ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಬಾಣ ಬಿಟ್ಟರು. ರಾಂಚಿ ಬಳಿಯ ಆಟೋ ಚಾಲಕರೊಬ್ಬರ ಮಗಳು, ಬಿಲ್ಲುಗಾರ್ತಿ ದೀಪಿಕಾ ಕುಮಾರಿಯ ಕೈಗೂ ಮೊದಲು ಬಂದದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು. ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಲಾಂಗ್‌ಬೋ ತರಿಸಲು ಸಾಗಣೆ ವೆಚ್ಚ, ಸುಂಕವೆಂದು ಲೆಕ್ಕ ಹಾಕುತ್ತ ಕೂತವರು ಮೊದಲ ವರ್ಷ ಅಂಥದೊಂದು ಬಿದಿರಿನ ಬಿಲ್ಲಿನಲ್ಲೇ ಕಲಿಯಬಹುದು. ಕೈ ಹದಕ್ಕೆ ಬಂದು, ಎಳೆತದ ಉದ್ದ ಎಷ್ಟೆಂದು ಖಚಿತವಾದ ಮೇಲೆ ಲಾಂಗ್‌ಬೋ ತರಿಸಿದರೆ, ಯಾವ ಭಾರದ್ದು ಬೇಕೆಂದು ಊಹಿಸಬೇಕಾಗುವುದಿಲ್ಲ.